ದಕ್ಷಿಣಕ್ಕೆ ತಿರುಗಿದ ದೀಪ

ಜಯನಗರದ ಪಾರ್ಕಿನಲ್ಲಿ ಏಣಿ ಹತ್ತಿ ನಿಂತಿದ್ದ ಚನ್ನವೀರನನ್ನು ಸಂಗೀತಾ ಮೊದಲ ಸಲ ನೋಡಿದಾಗ ಕಳ್ಳನೆಂದೇ ತಿಳಿದಿದ್ದಳು.

"ಏಯ್, ಬಲ್ಬ್ ಕದೀತಿದ್ದೀಯಾ? ಇಳಿ ಕೆಳಗೆ."

"ಹಾಕಾಕ ಬಂದೀನ್ರಿ. ನಿಮ್ಮ ಕಣ್ಣಿನ ಬೆಳಕ ಪಾರ್ಕಿಗೆಲ್ಲ ಸಾಲೂದಿಲ್ಲಲ್ಲ" ಎಂದು ನಕ್ಕಿದ್ದ ಮಹಾರಾಯ.

ಗದಗದ ಕಡೆಯ ಹುಡುಗ. ಬಿಟಿಎಂನಲ್ಲಿ ಬಾಡಿಗೆ ರೂಮು, ಸೋಲಾರ್ ಅಂಗಡಿಯಲ್ಲಿ ಕೆಲಸ. ವಾರ್ಡಿನ ಪಾರ್ಕುಗಳಿಗೆಲ್ಲ ಕಾರ್ಪೊರೇಷನ್ನಿನಿಂದ ಸೋಲಾರ್ ದೀಪ ಹಾಕಿಸಬೇಕೆಂದು ಸಂಗೀತಾ ಮನೆಮನೆ ಸುತ್ತಿ ಸಹಿ ಕೇಳುತ್ತಿದ್ದಳು. ಅವಳನ್ನು ಬೈಕಿನಲ್ಲಿ ಕರೆದೊಯ್ಯುವವನು ಇವನೇ.

"ಕನ್ನಡಿ ಇರೋದು ಹಿಂದಿನ ಬಸ್ ನೋಡೋಕೆ, ನನ್ನನ್ನಲ್ಲ" ಎನ್ನುತ್ತಿದ್ದಳು.

"ಬಸ್ಸು ಇಷ್ಟ ಚೆಂದ ಇರೂದಿಲ್ಲ."

ಕೊನೆಗೂ ಕಾರ್ಪೊರೇಟರ್ ಮಣಿದರು. "ಒಂದು ದೀಪ ಉರಿಸಿ ತೋರಿಸಮ್ಮ. ಉರೀದಿದ್ರೆ ಡೀಸೆಲ್ ಜನರೇಟರ್‌ಗೇ ಟೆಂಡರ್." ದೀಪ ಗೆದ್ದ ಮರುದಿನವೇ ಅವಳ ಅಪ್ಪ, ಪಾರ್ಕ್ ಸಂಘದ ಅಧ್ಯಕ್ಷ ಶಾಂತವೀರಪ್ಪನವರ ಬಳಿ ಮದುವೆಯ ಮಾತೆತ್ತುವುದೆಂದು ಇಬ್ಬರೂ ಗುಟ್ಟಾಗಿ ನಿಶ್ಚಯಿಸಿದ್ದರು.

ತೋರಿಸುವ ಸಂಜೆ ಚನ್ನವೀರ ಕೂರಿಸಿದ ದೀಪ ಹೊತ್ತಿತು, ಚಪ್ಪಾಳೆ ಬಿತ್ತು. ಅಧ್ಯಕ್ಷರ ಭಾಷಣ ಮುಗಿಯುವ ಮೊದಲೇ ಮಂಕಾಗಿ ಆರಿಹೋಯಿತು. ಕಾರ್ಪೊರೇಟರ್ ಕಾರು ಹತ್ತಿ ಹೊರಟರು.

ಸಂಗೀತಾ ತಲೆಯೆತ್ತಿ ನೋಡಿದಳು. ದಿನವಿಡೀ ಬಿಸಿಲು ಸಿಗಲು ದಕ್ಷಿಣಕ್ಕಿರಬೇಕಾದ ಸೋಲಾರ್ ಪ್ಯಾನೆಲ್ಲು ಪೂರ್ವದ ಮಳೆಮರದ ನೆರಳಿಗೆ ಮುಖ ಮಾಡಿತ್ತು.

"ಯಾರು ತಿರುಗಿಸಿದ್ದು?"

"ನಾನ. ದಕ್ಷಿಣ ಯಮನ ದಿಕ್ಕು, ಶುಭಕಾರ್ಯಕ್ಕ ಬ್ಯಾಡ ಅಂದ್ರು ನಿಮ್ಮ ಅಪ್ಪಾರು. ನಿನ್ನ ಕೇಳಾಕ ಹೊಂಟಾವ, ಅವರಿಗೆ ಹೆಂಗ ಒಲ್ಲೆ ಅನ್ನಲಿ?"

"ಆರುತ್ತೆ ಅಂತ ಗೊತ್ತಿತ್ತಾ?"

"ಒಂದ ಸಂಜೀಗೆ ಸಾಕಾಗತದ ಅನ್ಕೊಂಡೆ."

ಅವಳಿಗೆ ಸಹಿಗಾಗಿ ಬಿಸಿಲಲ್ಲಿ ಬಡಿದ ಬಾಗಿಲುಗಳೆಲ್ಲ ನೆನಪಾದವು.

"ನಿನ್ನನ್ನ ಪ್ರೀತಿಸ್ತೀನಿ, ಸುಳ್ಳು ಹೇಳಲ್ಲ" ಎಂದಳು. "ಆದ್ರೆ ನಾಳೆ ಅಪ್ಪ ನನ್ನನ್ನ ತಿರುಗಿಸು ಅಂದ್ರೂ ನೀನು ಏಣಿ ಹತ್ತೋನೇ. ನಂಗೆ ಆಗಲ್ಲ ಚನ್ನವೀರ."

ಟೆಂಡರ್ ಜನರೇಟರಿನವರ ಪಾಲಾಯಿತು. ಕಂಬ ಕೀಳುವ ಹಿಂದಿನ ಸಂಜೆ ಅವಳು ತಡೆಯಲಾರದೆ ಪಾರ್ಕಿಗೆ ಬಂದಳು. ಪ್ಯಾನೆಲ್ಲು ದಕ್ಷಿಣಕ್ಕೆ ತಿರುಗಿತ್ತು. ಅವಳ ಅಪ್ಪನ ಕಣ್ಣೆದುರೇ ಚನ್ನವೀರ ತಿರುಗಿಸಿದನೆಂದು ಮಾಲಿ ಮುನಿಯಣ್ಣ ಹೇಳಿದ. ಕಂಬದ ಕೆಳಗೆ ಅವನೇ ನಿಂತಿದ್ದ.

"ತಡಾ ಆತಲ್ಲ?"

"ಹೂಂ" ಎಂದು ಗೇಟಿನತ್ತ ಹೊರಟಳು.

ದೀಪ ಆರಲಿಲ್ಲ. ತಿರುಗಿ ನೋಡಿದಾಗಲೆಲ್ಲ ಅವನು ಅಳುತ್ತಿದ್ದುದು ಆ ಬೆಳಕಿನಲ್ಲಿ ಅವಳಿಗೆ ಗೇಟಿನವರೆಗೂ ಕಾಣಿಸುತ್ತಿತ್ತು.