ಕ್ಯಾಡಿಲಾಕ್ ಕಟ್ಟಿದವನು

ಹಳೇ ಬರ್ ಇದ್ದರೆ ಕೊಡಿ ಎಂದು ತಿಂಗಳಿಗೆರಡು ಸಲ ಬರುತ್ತಿದ್ದ ರವಿಕಿರಣನಿಗೆ ಸೌಂದರ್ಯ ಒಮ್ಮೆಯೂ ಕೂರಿ ಅಂದವಳಲ್ಲ. ತಿಪಟೂರಿನ ಡೆಂಟಲ್ ಲ್ಯಾಬೊಂದರಲ್ಲಿ ಅವಳು ಡಾಕ್ಟರುಗಳು ಕಳಿಸುವ ಅಳತೆಗೆ ಹಲ್ಲು ಮಾಡುತ್ತಿದ್ದಳು. ಬರ್ ಅಂದರೆ ಹಲ್ಲು ಕೊರೆಯುವ ಪುಟ್ಟ ಬೈರಿಗೆ, ಮೊಂಡಾದರೆ ಕಸ. ಕಂದಿಕೆರೆಯಿಂದ ಬಸ್ಸಿನಲ್ಲಿ ಬಂದು ಟಿಂಕರಿಂಗ್ ಶಾಪಿನಲ್ಲಿ ನಜ್ಜುಗುಜ್ಜಾದ ಕಾರು ತಿದ್ದುವವನಿಗೆ ಆ ಕಸ ಯಾಕೆ ಬೇಕೋ. ಕೇಳಿದರೆ "ಸಣ್ಣ ಕೆಲ್ಸ ಐತೆ ಮೇಡಂ" ಎಂದು ನೆಲ ನೋಡುತ್ತಿದ್ದ. ನೆಲ ನೋಡುವ ಗಂಡಸರೆಂದರೆ ಅವಳಿಗೆ ಅಷ್ಟಕ್ಕಷ್ಟೆ. ಬಾಗಿಲು ದಾಟುವಾಗ ಅವನು ಒಮ್ಮೆ ತಿರುಗುವುದು ಗೊತ್ತಿತ್ತು. ಗೊತ್ತಿದ್ದೂ ತಲೆ ಎತ್ತುತ್ತಿರಲಿಲ್ಲ.

ಮಾಘದಲ್ಲಿ ಅಪ್ಪ ಸದಾಶಿವಯ್ಯ ಒಂದು ಸಂಬಂಧ ತಂದರು. ಹುಡುಗ ಉಜ್ವಲ್, ಕೊಬ್ಬರಿ ಮಂಡಿಯವರ ಒಬ್ಬನೇ ಮಗ. ಮನೆ ನೋಡಲು ಹೋದವರನ್ನು ಅವನು ನೇರವಾಗಿ ಗಾಜಿನ ಬೀರುವಿನ ಮುಂದೆ ನಿಲ್ಲಿಸಿದ. ಒಳಗೆ ಹನ್ನೊಂದು ಹಳೆಯ ಅಮೆರಿಕನ್ ಕಾರುಗಳು, ಅಸಲಿಯ ಇಪ್ಪತ್ನಾಲ್ಕರಲ್ಲಿ ಒಂದು ಪಾಲಿನ ಅಳತೆಯವು. ಎಲ್ಲ ನನ್ನ ಕೈಯಲ್ಲೇ ಆದವು ಎಂದ.

ಅವಳು ಕೈ ನೋಡಿದಳು. ಒಂದು ಗೀರೂ ಇಲ್ಲದ, ಕ್ರೀಮ್ ಹಚ್ಚಿದ ಕೈ.

ನಡುವೆ ಗೇಣುದ್ದದ, ಐವತ್ತೊಂಬತ್ತನೇ ಇಸವಿಯ ಕ್ಯಾಡಿಲಾಕ್ ನಿಂತಿತ್ತು. ಹಿಂದೆ ಎರಡು ರೆಕ್ಕೆ, ರೆಕ್ಕೆಗೆ ಎರಡೆರಡು ಕೆಂಪು ದೀಪ. ಮುಂದೆ ಗ್ರಿಲ್ ತುಂಬ ಸಾಸಿವೆಗಿಂತ ಸಣ್ಣ ಗುಂಡಿಗಳು. ಅವನ್ನು ಹೇಗೆ ಕೂರಿಸಿದಿರಿ ಎಂದು ಕೇಳಿದಳು. ಗಮ್ ಹಾಕಿದೆ, ಅಂದ ಉಜ್ವಲ್. ಒಂದೇ ಹಿತ್ತಾಳೆ ತುಂಡನ್ನು ಕೊರೆದು ಮಾಡಿದ್ದು ಅವಳ ಕಣ್ಣಿಗೆ ಕಾಣುತ್ತಿತ್ತು. ಕೊರೆದ ಗೆರೆಯ ಅಗಲ ನೋಡಿಯೇ ಬರ್ ಯಾವುದು, ಯಾರ ಕೈಗೆ ಹೋದದ್ದು ಎಂಬುದೂ ತಿಳಿಯಿತು. ಚೆನ್ನಾಗಿ ಅಂಟಿದೆ ಎಂದು ನಕ್ಕಳು. ಉಜ್ವಲ್ ಅದನ್ನು ಹೊಗಳಿಕೆ ಅಂದುಕೊಂಡ.

ಮುಂದಿನ ಸಲ ರವಿಕಿರಣನನ್ನು ಕೂರಿಸಿದಳು, ಬಯ್ಯಲಿಕ್ಕೆ. ಅವನು ಮುಚ್ಚಿಡಲಿಲ್ಲ. ಹಿತ್ತಾಳೆ, ಪೇಂಟ್, ಫೋಟೋ ಎಲ್ಲ ಉಜ್ವಲ್ ತರಿಸಿಕೊಡುತ್ತಾರೆ, ಹೆಸರು ಅವರದು ಅಂತ ಮಾತಾಗಿದೆ ಎಂದ. ಕಟ್ಟಲು ಸಿಕ್ಕರೆ ಸಾಕು, ಹೆಸರು ಯಾರಿಗೆ ಬೇಕು ಎಂದೂ ಸೇರಿಸಿದ.

"ಕದ್ದವನಿಗಾದ್ರೂ ಅದರ ಬೆಲೆ ಗೊತ್ತು. ನಿಮಗೆ ಅದೂ ಇಲ್ಲ," ಅಂದಳು. "ಅಷ್ಟು ಚೆಂದ ಮಾಡಿ ಎಡಗಡೆ ದೀಪ ಕೂದಲೆಳೆ ಕೆಳಗೆ ಕೂರಿಸಿದೀರಿ. ಅದು ಬೇರೆ."

ಅವನು ನೆಲ ಬಿಟ್ಟು ಅವಳ ಮುಖ ನೋಡಿದ. ಎರಡು ವರ್ಷದಿಂದ ಆ ದೀಪ ತನ್ನನ್ನು ಕಾಡುತ್ತಿದೆ, ಇದುವರೆಗೆ ಯಾರಿಗೂ ಕಂಡಿರಲಿಲ್ಲ ಎಂದ. ನೋಟ ಕದಲಲಿಲ್ಲ. ಅವಳೇ ಮೊದಲು ಕಣ್ಣು ತಪ್ಪಿಸಿದಳು, ತಪ್ಪಿಸಿದ್ದಕ್ಕೆ ತನ್ನ ಮೇಲೇ ಸಿಟ್ಟಾದಳು. ನನ್ನದು ಅಂತ ಹೇಳಿಕೊಳ್ಳುವ ಧೈರ್ಯ ಬರುವವರೆಗೆ ಇತ್ತ ಬರಬೇಡಿ ಎಂದು ಕಳಿಸಿದಳು.

ಐದು ವಾರ ಅವನು ಬರಲಿಲ್ಲ. ಹೇಡಿ ಎಂದು ದಿನಕ್ಕೆ ನಾಲ್ಕು ಸಲ ಅಂದುಕೊಂಡಳು. ಅಂದುಕೊಂಡಾಗಲೆಲ್ಲ ಬಾಗಿಲ ಕಡೆ ನೋಡಿದಳು.

ಯುಗಾದಿ ಕಳೆದ ಭಾನುವಾರ ಕಲ್ಯಾಣ ಮಂಟಪವೊಂದರಲ್ಲಿ ಮಾಡೆಲ್ ಕಾರುಗಳ ಪ್ರದರ್ಶನವಿತ್ತು. ಉಜ್ವಲ್ ಸೌಂದರ್ಯಳ ಮನೆಯವರನ್ನೂ ಕರೆದಿದ್ದ. ತೀರ್ಪು ಕೊಡಲು ಬಂದಿದ್ದ ನಿವೃತ್ತ ಎಂಜಿನಿಯರ್ ರಂಗನಾಥ್, ಕ್ಯಾಡಿಲಾಕಿನ ಬಾನೆಟ್ ತೆರೆಯುತ್ತದೆಯೇ ಎಂದು ಕೇಳಿದರು. ಉಜ್ವಲ್‌ಗೆ ಗೊತ್ತಿರಲಿಲ್ಲ, ಉಗುರು ತೂರಿಸಿ ಮೀಟತೊಡಗಿದ.

"ಮುರೀತದೆ, ಕೈ ತೆಗೀರಿ."

ಉಜ್ವಲನ ಕಾರುಗಳ ಡಬ್ಬ ಹೊತ್ತು ತಂದು ಗೋಡೆಗೆ ಒರಗಿ ನಿಂತಿದ್ದ ರವಿಕಿರಣ್ ಮುಂದೆ ಬಂದ. ಬಂಪರಿನಡಿ ಬೆರಳಿಟ್ಟು ಒತ್ತಿದಾಗ ಬಾನೆಟ್ ಮೆಲ್ಲಗೆ ಎದ್ದಿತು. ಒಳಗೆ ಎಂಜಿನ್, ಕೂದಲಿನಂಥ ವೈರುಗಳು. ಕಟ್ಟಿದ್ದು ಯಾರು ಎಂದು ರಂಗನಾಥ್ ಕೇಳಿದರು.

ಅವನು ಸೌಂದರ್ಯಳತ್ತ ನೋಡಿದ. ಅವಳು ನೆರವಿಗೆ ಬರಲಿಲ್ಲ, ಹುಬ್ಬೇರಿಸಿ ಕಾದಳು.

"ನಾನೇ ಕಟ್ಟಿದ್ದು ಸಾರ್. ಎಡಗಡೆ ದೀಪ ಒಂಚೂರು ತಪ್ಪೈತೆ."

ಟಿಂಕರಿಂಗ್ ಶಾಪಿನವನ ಮಾತು ನಂಬುತ್ತೀರಾ ಎಂದು ಉಜ್ವಲ್ ನಕ್ಕ. ಜೊತೆಗೆ ಯಾರೂ ನಗಲಿಲ್ಲ. ಇನ್ನು ಕಟ್ಟಲು ಏನೂ ತರಿಸಿಕೊಡುವುದಿಲ್ಲ ಎಂದು ಅಲ್ಲೇ ಹೇಳಿ, ಕ್ಯಾಡಿಲಾಕನ್ನು ಮೇಜಿನ ಮೇಲೆ ಬಿಟ್ಟು, ಉಳಿದ ಕಾರುಗಳನ್ನು ಡಬ್ಬಕ್ಕೆ ತುಂಬಿಕೊಂಡು ಹೊರಟ. ಈ ಸಂಬಂಧ ಬೇಡ ಎಂದಳು ಸೌಂದರ್ಯ. ಸದಾಶಿವಯ್ಯ ವಾದಿಸಲಿಲ್ಲ.

ಹೊರಗೆ ಬಿಸಿಲಲ್ಲಿ ರವಿಕಿರಣ್ ಬೆವರು ಒರೆಸಿಕೊಳ್ಳುತ್ತಿದ್ದ. ಏನೋ ಹೇಳಬೇಕು ಅಂದ. ಎರಡು ಸಲ ಗಂಟಲು ಸರಿಮಾಡಿಕೊಂಡ.

"ಇದನ್ನಾದ್ರೂ ನೀವೇ ಹೇಳ್ತೀರೋ, ಉಜ್ವಲ್ ಕೈಲಿ ಹೇಳಿಸ್ತೀರೋ?" ಎಂದಳು.

"ನೀವಂದ್ರೆ ಇಷ್ಟ ಕಣ್ರೀ. ಬಯ್ಯುವಾಗ ಇನ್ನೂ ಜಾಸ್ತಿ."

"ಹಂಗಾದ್ರೆ ನಿಮಗೆ ಜೀವನಪೂರ್ತಿ ಕೊರತೆ ಇಲ್ಲ," ಅಂದಳು. ಮುಖ ಕೆಂಪಾದದ್ದನ್ನು ಬಿಸಿಲಿನ ಮೇಲೆ ಹಾಕಿದಳು.

ಜಾತಿ ಬೇರೆ, ಕೆಲಸ ಅಂಥದ್ದು ಎಂದು ಸದಾಶಿವಯ್ಯ ಏಳು ತಿಂಗಳು ಮಗಳ ಜೊತೆ ಮಾತು ಬಿಟ್ಟರು. ಕಾರ್ತಿಕದಲ್ಲಿ ರಿಜಿಸ್ಟರ್ ಮದುವೆಯ ದಿನ, ಕರೆಯದಿದ್ದರೂ ಕಚೇರಿಗೆ ಬಂದರು. ಅಳಿಯನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಮುಖ ಸಿಂಡರಿಸಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಸಾಕ್ಷಿ ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದರು.