ಸಿಂಹದ ಬಲಗಣ್ಣು

ಬಹಳ ಹಿಂದೆ, ಏಳು ಕೆರೆಗಳ ಆಚೆ, ನವಿಲುಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ವಿದ್ಯಾಪೀಠದಲ್ಲಿ ಮೂರು ವರ್ಷ ಓದಿದವರಿಗೆ ದರ್ಜೆ ಹೇಳುತ್ತಿದ್ದುದು ಬಾಗಿಲಲ್ಲಿ ಕೂತ ಮಾತಾಡುವ ಸಿಂಹ. ಮೂರೂ ವರ್ಷದ ಓದನ್ನು ಅದು ತೂಗಿ ನೋಡುತ್ತಿತ್ತು; ಕೊನೆಯ ವರ್ಷಕ್ಕೆ ತೂಕ ಹೆಚ್ಚು. ಚೆನ್ನಾಗಿ ಓದಿದವರಿಗೆ ಉತ್ತಮ ದರ್ಜೆ, ಅವರಲ್ಲೂ ಮಿಗಿಲಾದವರಿಗೆ ಪಟ್ಟೆಶಾಲು.

ಕಾಲಜಂಘನೆಂಬ ಮಾಂತ್ರಿಕ ಪೀಠದ ಒಡೆಯನಾದ ಮೇಲೆ ಸಿಂಹದ ನ್ಯಾಯ ಕೆಟ್ಟಿತು. ಯಾರು ಎದುರಿಗೆ ನಿಂತರೂ ಅದಕ್ಕೆ ತಪ್ಪೇ ಕಾಣುತ್ತಿತ್ತು. ಒಂದೇ ಒಂದು ತಪ್ಪಿದ್ದರೂ ಸಾಕು, ಅವರು ಜಿಂಕೆಯಾಗಿ ಮಾಂತ್ರಿಕನ ತೋಟ ಸೇರುತ್ತಿದ್ದರು.

ಆ ದಿನ ವೈದ್ಯ ಕಲಿತ ಬೊಮ್ಮಕ್ಕನ ಸರದಿ. ಮೊದಲ ವರ್ಷ ಜ್ವರದಲ್ಲಿ ಬಿದ್ದು ಪರೀಕ್ಷೆ ಕೆಡಿಸಿಕೊಂಡವಳು. ಬೆಳಗಿನಿಂದ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಅವಳ ಕಣ್ಣೆದುರೇ ಗೆಳತಿ ಸಾಂತವ್ವ, ಪೀಠಕ್ಕೇ ಜಾಣೆಯಾದವಳು, ಎಂದೋ ಒಂದು ಶ್ಲೋಕ ಮರೆತದ್ದಕ್ಕೆ ಜಿಂಕೆಯಾಗಿಬಿಟ್ಟಳು.

"ಮುಂದಿನವರು!" ಎಂದಿತು ಸಿಂಹ.

ಹತ್ತಿರ ಹೋದಾಗ ಬೊಮ್ಮಕ್ಕನಿಗೆ ಕಂಡಿತು: ಸಿಂಹದ ಬಲಗಣ್ಣಿಗೆ ಕಪ್ಪು ಅರಗು ಮೆತ್ತಿತ್ತು, ಅಂಚಿನಲ್ಲಿ ನೀರು ಒಸರುತ್ತಿತ್ತು.

"ಕಣ್ಣಿಗೇನಾಯ್ತಪ್ಪಾ?"

"ಅದು ಗುಣ ಕಾಣುವ ಕಣ್ಣು ತಾಯಿ. ಒಡೆಯ ಅರಗು ಹಾಕಿದ. ಇದುವರೆಗೆ ಯಾರೂ ಕೇಳಿರಲಿಲ್ಲ."

"ತೊಳೆಯುತ್ತೇನೆ, ಅಲುಗಬೇಡ."

ಉಪ್ಪರಿಗೆಯಿಂದ ಕಾಲಜಂಘ ಕೇಳಿಸಿಕೊಂಡ. ಮೊದಲು ಬೆಂಕಿ ಎಬ್ಬಿಸಿದ. ಸೆರಗು ಹೊತ್ತಿತು, ಕೈಯಲ್ಲೇ ಹೊಸಕಿ ಆರಿಸಿದಳು. ಆಮೇಲೆ ಹಾವು ಬಿಟ್ಟ. ಉಸಿರು ಬಿಗಿಹಿಡಿದು ನಿಂತಳು, ಹಾವು ಪಾದದ ಮೇಲೆ ಹರಿದು ಹೋಯಿತು. ಮೂರನೆಯ ಸಲ ಅವಳದೇ ದನಿಯಲ್ಲಿ ಅವಳ ಕಿವಿಯೊಳಗೆ ಕೂಗಿದ: "ಮೊದಲ ವರ್ಷವೇ ಎಡವಿದವಳು! ನಿನಗೇನು ಬರುತ್ತೆ?"

ಆ ಮಾತು ಬೆಂಕಿಗಿಂತ ಹೆಚ್ಚು ಸುಟ್ಟಿತು. ಆದರೂ ಔಷಧಿ ಚೀಲ ಬಿಚ್ಚಿ, ನಂದಿಬಟ್ಟಲು ಹೂ ನೆನೆಸಿದ ನೀರನ್ನು ಕಣ್ಣಿಗೆ ಹಿಂಡಿದಳು.

ಅರಗು ಕರಗಿತು. ಕಾಲಜಂಘನ ಮಾಯೆಯೆಲ್ಲ ಅದರಲ್ಲೇ ಇತ್ತು. ಅದರ ಜೊತೆ ಅವನೂ ಕರಗಿ ಹೋದ. ತೋಟದಲ್ಲಿ ಜಿಂಕೆಯಾಗಿದ್ದವರು ಮತ್ತೆ ಮನುಷ್ಯರಾಗಿ ಓಡಿ ಬಂದರು.

ಸಿಂಹ ಎರಡೂ ಕಣ್ಣು ಬಿಟ್ಟು ನೋಡಿತು. "ಸಾಂತವ್ವನಿಗೆ ಪಟ್ಟೆಶಾಲು. ಬೊಮ್ಮಕ್ಕಾ, ಮೊದಲು ಎಡವಿದೆ, ಆಮೇಲೆ ಎದ್ದೆ, ಕೊನೆಗೆ ಓಡಿದೆ. ನಿನಗೆ ಉತ್ತಮ ದರ್ಜೆ. ಶಾಲು ಕೂದಲೆಳೆಯಲ್ಲಿ ತಪ್ಪಿತು."

"ಕಣ್ಣು ಕೊಟ್ಟವಳಿಗೂ ಶಾಲು ಇಲ್ಲವೇ?" ಎಂದು ಸಾಂತವ್ವ ಸಿಡುಕಿದಳು.

"ಕಣ್ಣು ಕೊಟ್ಟದ್ದು ಸರಿಯಾಗಿ ನೋಡಲಿ ಅಂತಲ್ಲವೇ ತಾಯಿ?"

ಬೊಮ್ಮಕ್ಕನಿಗೆ ಚುರುಕ್ಕೆಂದಿತು. ಮರುಗಳಿಗೆ ನಗು ಉಕ್ಕಿತು.

ಮುಂದೆ ಅವಳು ರಾಜ್ಯಕ್ಕೇ ಹೆಸರಾದ ವೈದ್ಯೆಯಾದಳು. ನವಿಲುಕೋಟೆಯಲ್ಲಿ ಮತ್ತೆ ಯಾರೂ ಜಿಂಕೆಯಾಗಲಿಲ್ಲ; ಓದಿದವರೂ ಓದಿಸಿದವರೂ ಉಂಡುಟ್ಟು ಸುಖವಾಗಿದ್ದರು.