ರಣಹದ್ದಿನ ಮರಿಗೆ ಒಂದೇ ಲೆನ್ಸು

“ಮರಿನೂ ಕಾಣ್ಬೇಕು, ಅದು ಆ ಬಂಡೆನೇ ಅನ್ನೋದೂ ಕಾಣ್ಬೇಕು. ಬೇರೆ ಬೇರೆ ಚಿತ್ರ ತಂದು ಜೋಡಿಸಿದ್ರೆ ನಾನು ಒಪ್ಪಲ್ಲ,” ಎಂದರು ಗಣಿ ಇಲಾಖೆಯ ಅಧಿಕಾರಿ. “ಇಲ್ಲಾಂದ್ರೆ ಸೋಮವಾರ ಸಿಡಿಮದ್ದು ಇಡೋದೇ.”

ಮದ್ದು ಸಿಡಿದರೆ ಗೂಡಿರುವ ಬಂಡೆಯೇ ಉರುಳುತ್ತಿತ್ತು. ಹಕ್ಕಿಗಳ ಎಣಿಕೆ ಮಾಡುವ ಅಕ್ಕ ಆ ರಣಹದ್ದಿನ ಮರಿಯನ್ನು ದುರ್ಬೀನಿನಲ್ಲಿ ಕಣ್ಣಾರೆ ಕಂಡಿದ್ದಳು. ಕಣ್ಣಾರೆ ಕಂಡದ್ದಕ್ಕೆ ಕಚೇರಿಯಲ್ಲಿ ಬೆಲೆಯಿಲ್ಲ. ಹಾಗಾಗಿ ಮೂವರ ತಂಡ ಸಿದ್ಧವಾಯಿತು. ಅಕ್ಕ, ಹಗ್ಗಕ್ಕೆ ಜೋತುಬಿದ್ದು ಎತ್ತರದ ಕಟ್ಟಡಗಳ ಗಾಜು ಒರೆಸುವ ಅವಳ ಗಂಡ, ಮದುವೆಗಳ ವಿಡಿಯೋ ತೆಗೆಯುವ ತಮ್ಮ.

ಶನಿವಾರ ಸಂಜೆ ತಮ್ಮನ ಮಂಚದ ಮೇಲೆ ಲೆನ್ಸುಗಳ ಸಂತೆಯೇ ನೆರೆಯಿತು. ಕ್ಯಾಮೆರಾ ಮಿರರ್‌ಲೆಸ್, ಒಳಗೆ ಕನ್ನಡಿಯಿಲ್ಲದ್ದರಿಂದ ಅಂಗೈಯಲ್ಲಿ ಕೂರುವಷ್ಟು ಪುಟ್ಟದು. ಲೆನ್ಸುಗಳು ಮಾತ್ರ ಹಾಗೆ ಪುಟ್ಟದಾಗಿರಲಿಲ್ಲ.

“ಕ್ಯಾಮೆರಾ ಸಣ್ಣದಾಯ್ತು ಅಂತ ಕುಣಿದಾಡ್ತಿದ್ದೆಯಲ್ಲೋ ಲೆನ್ಸಪ್ಪ, ಇದೇನು ಒನಕೆ?” ಎಂದ ಭಾವ.

“ಐನೂರು ಎಂಎಂ, ಭಾವ. ಮರಿಯ ಒಂದೊಂದು ಪುಕ್ಕಾನೂ ಎಣಿಸಬಹುದು.”

“ಎಣಿಸಿ ಏನ್ ಮಾಡ್ತೀಯಾ? ಬಂಡೆ ಕಾಣುತ್ತಾ?” ಎಂದಳು ಅಕ್ಕ.

ಕಾಣುವುದಿಲ್ಲ. ಅದು ಜೂಮ್‌ನಂತೆ ಹಿಂದೆ ಮುಂದೆ ಸರಿಯದ ಲೆನ್ಸು, ಗೂಡೊಂದೇ ತುಂಬಿಕೊಳ್ಳುತ್ತದೆ. ಪಕ್ಕದಲ್ಲಿದ್ದ ಹಳೆಯ ಜೂಮ್ ಹಗುರ, ಮದುವೆ ಮನೆಗಳಲ್ಲಿ ಸವೆದದ್ದು. ಐನೂರರ ಸ್ಪಷ್ಟತೆ ಅದಕ್ಕಿಲ್ಲ. ಯಾವುದನ್ನೂ ಬಿಡಲು ಮನಸ್ಸಾಗದೆ ತಮ್ಮ ಎರಡನ್ನೂ ಚೀಲಕ್ಕೆ ತುರುಕಿದ.

ಬೆಳಕು ಹರಿಯುತ್ತಿದ್ದಂತೆ ಹತ್ತತೊಡಗಿದರು. ಒಣಗಿದ ಹಳ್ಳದ ಉರುಟುಗಲ್ಲುಗಳು ಮುಗಿದು ಮುಳ್ಳುಪೊದೆ ಬಂತು. ಪೊದೆ ಮುಗಿದು ಬರೀ ಬಂಡೆ. ಕೆಳಗೆ ಗಣಿ ಬೆಟ್ಟದ ಸೊಂಟವನ್ನು ಕಚ್ಚಿ ತಿಂದ ಹಾಗೆ ಬೆಳ್ಳಗೆ ತೆರೆದುಕೊಂಡಿತ್ತು. ಕಮರಿಯ ಆಚೆ ಗೂಡಿನ ಬಂಡೆ. ಅದರ ನೆತ್ತಿಯಿಂದ ಓರೆಯಾಗಿ ಇಳಿದ ಬಿಳಿ ಪಟ್ಟೆ ಇಲಾಖೆಯ ನಕ್ಷೆಯಲ್ಲೂ ಇತ್ತು. ಗೂಡು ಸ್ಪಷ್ಟವಾಗಿ ಕಾಣುವ ಜಾಗಕ್ಕೆ ಪಾದದಗಲದ ಅಂಚೊಂದನ್ನು ದಾಟಿ ಹೋಗಬೇಕಿತ್ತು.

ಭಾವ ಹಗ್ಗ ಬಿಗಿದ. “ಚೀಲ ಇಲ್ಲೇ ಇರ್ಲಿ. ಒಂದೇ ಲೆನ್ಸು. ಬೇಗ ಹೇಳು.”

ತಮ್ಮ ಐನೂರನ್ನು ಒಮ್ಮೆ ನೇವರಿಸಿ, ಜೂಮ್ ಹಾಕಿದ ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡ. ಥಟ್ಟನೆ ಸಿಗಲೆಂದು ಆನ್ ಮಾಡಿಯೇ ಇಟ್ಟ.

ಭಾವನೂ ಅಕ್ಕನೂ ಮೊದಲು ದಾಟಿದರು. ತಮ್ಮ ಅಂಚಿನ ನಡುವೆ ಬಂದಾಗ ಕಾಲ ಕೆಳಗಿನ ಕಲ್ಲು ಕಳಚಿತು.

ತಮ್ಮ ಜಾರಿದ. ಹಗ್ಗ ಬಿಗಿಯಿತು. ಮೊಣಕಾಲು ಬಂಡೆಗೆ ಬಡಿಯಿತು.

“ಕೆಳಗೆ ನೋಡ್ಬೇಡ! ಎಡಗೈ ಮೇಲೆ, ಅಲ್ಲೇ ಬಿರುಕಿದೆ ನೋಡು!” ಎಂದು ಭಾವ ಕೂಗಿದ.

ಬೆರಳು ಬಿರುಕನ್ನು ಕಂಡುಕೊಂಡಿತು. ಭಾವ ಅವನನ್ನು ಮೂಟೆಯಂತೆ ಎಳೆದುಕೊಂಡ.

ಆಚೆ ಕೂತು ತಮ್ಮ ಕ್ಯಾಮೆರಾ ನೋಡಿದ. ಬ್ಯಾಟರಿ ಕೆಂಪಗೆ ಮಿನುಗುತ್ತಿತ್ತು. ಕಣ್ಣು ಹತ್ತಿರ ಬಂದರೆ ತಾನೇ ಹೊತ್ತಿಕೊಳ್ಳುವ ಕ್ಯಾಮೆರಾದ ನೋಟದ ಕಿಂಡಿ, ದಾರಿಯುದ್ದಕ್ಕೂ ಎದೆಗೆ ತಾಗಿ ಅಂಗಿಯನ್ನೇ ಕಣ್ಣೆಂದು ತಿಳಿದು ಉರಿದು ಬ್ಯಾಟರಿ ತಿಂದಿತ್ತು.

“ಇನ್ನೊಂದು ಬ್ಯಾಟರಿ?” ಎಂದಳು ಅಕ್ಕ.

“ಚೀಲದಲ್ಲಿ.”

ಭಾವ ಅಂಚಿನತ್ತ ನೋಡಿದ. ಕಲ್ಲು ಕಳಚಿದಲ್ಲಿ ಈಗ ಕಾಲಿಡಲು ಜಾಗವೇ ಇರಲಿಲ್ಲ. “ವಾಪಸ್ಸು ಮೇಲಿಂದ ಸುತ್ತಿ ಹೋಗ್ಬೇಕು. ಚೀಲ ತಂದು ಮತ್ತೆ ಇಲ್ಲಿಗೆ ಬರೋವಷ್ಟರಲ್ಲಿ ಕತ್ತಲಾಗುತ್ತೆ. ಇರೋದ್ರಲ್ಲೇ ನೋಡಪ್ಪ.”

ತಾಯಿಹದ್ದು ಮರಿಯ ಮೇಲೆ ಕೂತಿತ್ತು. ತಮ್ಮ ಬ್ಯಾಟರಿ ತೆಗೆದು, ಬೆಚ್ಚಗಿದ್ದರೆ ಒಂಚೂರು ಹೆಚ್ಚು ಬಾಳೀತೆಂದು ಕಂಕುಳಲ್ಲಿಟ್ಟುಕೊಂಡು ಲೆಕ್ಕ ಹಾಕಿದ. ಜೂಮ್ ಹಿಂದಕ್ಕೆಳೆದರೆ ಪಟ್ಟೆ ಸಿಗುತ್ತದೆ, ಮರಿ ಚುಕ್ಕೆಯಾಗುತ್ತದೆ. ಮುಂದಕ್ಕೊಯ್ದರೆ ಮರಿ ಸಿಗುತ್ತದೆ, ಪಟ್ಟೆ ಹೋಗುತ್ತದೆ.

“ವಿಡಿಯೋ ಮಾಡ್ತೀನಿ,” ಎಂದ. “ಪಟ್ಟೆಯಿಂದ ಶುರು ಮಾಡಿ, ಎಲ್ಲೂ ಕತ್ತರಿಸದೆ, ನಿಧಾನಕ್ಕೆ ಗೂಡಿನವರೆಗೆ.”

“ಹೂವಿನ ಹಾರದಿಂದ ಮದುಮಗಳ ಮೂಗುತಿಗೆ ಹೋಗ್ತೀಯಲ್ಲ, ಹಂಗಾ?” ಭಾವ ನಕ್ಕ.

“ಹಂಗೇ.”

ಬಿಸಿಲು ನೆತ್ತಿ ಸುಡತೊಡಗಿತು. ಅಕ್ಕ ದುರ್ಬೀನು ಕೆಳಗಿಳಿಸಲಿಲ್ಲ. ಕೊನೆಗೆ ಪಿಸುಗುಟ್ಟಿದಳು: “ತಾಯಿ ಎದ್ತು ಕಣೋ!”

ತಮ್ಮ ಬ್ಯಾಟರಿ ಒಳಗೆ ಹಾಕಿದ. ಕ್ಯಾಮೆರಾ ಎಚ್ಚರಗೊಳ್ಳಲು ಒಂದು ಉಸಿರಿನಷ್ಟು ಹೊತ್ತು ತೆಗೆದುಕೊಂಡಿತು. ತಾಯಿಹದ್ದು ರೆಕ್ಕೆ ಬಿಚ್ಚಿ ಕಮರಿಗೆ ಧುಮುಕಿತು. ಪಟ್ಟೆ. ಅದರ ತುದಿ. ಅಂಚು. ಗೂಡಿನ ಕಡ್ಡಿಗಳು. ಬೋಳು ಕತ್ತಿನ ಮರಿ ತಲೆ ಎತ್ತಿತು.

“ಇನ್ನೊಂಚೂರು ತಗೊಳ್ಳೋ, ರೆಕ್ಕೆ ಬಡೀತಿದೆ!” ಎಂದ ಭಾವ.

ತಮ್ಮನಿಗೂ ಆಸೆಯೇ. ಆದರೆ ನಡುವೆ ಬ್ಯಾಟರಿ ಸತ್ತರೆ ತೆಗೆದದ್ದೂ ಉಳಿಯುವ ಭರವಸೆಯಿರಲಿಲ್ಲ. ಗುಂಡಿ ಒತ್ತಿ ನಿಲ್ಲಿಸಿದ. ಪರದೆ ಕಪ್ಪಾಯಿತು.

“ಸಿಕ್ತಾ?”

“ಗೊತ್ತಿಲ್ಲ ಅಕ್ಕ.”

ಮೇಲಿಂದ ಸುತ್ತಿ, ಪೊದೆಗಳಲ್ಲಿ ತೆವಳಿ, ಚೀಲ ಹುಡುಕಿಕೊಂಡು ಇಳಿದರು. ಚೀಲ ಸಿಕ್ಕಾಗ ಹೊಸ ಬ್ಯಾಟರಿ ಹಾಕಲು ತಮ್ಮನಿಗೆ ಕೈ ಬರಲಿಲ್ಲ. ಅಕ್ಕನೇ ಹಾಕಿದಳು. ಪಟ್ಟೆ ಕಂಡಿತು, ಗೂಡು ಕಂಡಿತು, ಮರಿ ತಲೆ ಎತ್ತಿತು. ಅಕ್ಕ ತಮ್ಮನ ಬೆನ್ನಿಗೊಂದು ಗುದ್ದು ಕೊಟ್ಟಳು.

ಸೋಮವಾರ ಕಚೇರಿ ಬಾಗಿಲು ತೆರೆಯುವ ಮೊದಲೇ ಮೂವರೂ ಅಲ್ಲಿದ್ದರು. ಅಧಿಕಾರಿ ವಿಡಿಯೋವನ್ನು ನಕ್ಷೆಯ ಪಕ್ಕದಲ್ಲಿಟ್ಟು ಮತ್ತೆ ಮತ್ತೆ ನೋಡಿದರು.

“ಎಲ್ಲೂ ಕತ್ತರಿಸಿಲ್ಲ ತಾನೆ?”

“ಇಲ್ಲ ಸಾರ್. ನೀವೇ ನೋಡಿದ್ರಲ್ಲ.”

ಅವರು ಫೋನ್ ಎತ್ತಿಕೊಂಡರು. “ಆ ಬಂಡೆ ತಂಟೆಗೆ ಹೋಗ್ಬೇಡಿ. ಮರಿ ಹಾರೋವರೆಗೂ ಮದ್ದು ಬೇಡ. ಹೂಂ, ಬರೆದೇ ಕೊಡ್ತೀನಿ.”

ಹೊರಗೆ ಬಂದು ಮೆಟ್ಟಿಲ ಮುಂದೆ ಮೂವರೂ ನಿಂತರು. ಬೆಟ್ಟ ಹತ್ತಿಳಿದ ತೊಡೆಗಳು ಕಲ್ಲಾಗಿದ್ದವು.

“ಹಗ್ಗ ತಂದಿದ್ದೀರೇನ್ರೀ?” ಎಂದಳು ಅಕ್ಕ.

“ಮನೇಲಿದೆ ಕಣೇ,” ಎಂದ ಭಾವ. ಕಂಬಿ ಹಿಡಿದು, ಏಡಿಗಳಂತೆ ಅಡ್ಡಡ್ಡಲಾಗಿ, ಒಬ್ಬರ ಹಿಂದೊಬ್ಬರು ಇಳಿದರು.